ಒಂಬತ್ತು ಸೆಕೆಂಡು ತಡವಾದ ಗಂಟೆ

ಅನಸೂಯ ಕೃಷ್ಣಪ್ರಸಾದ, ಐವತ್ತನಾಲ್ಕು ವರ್ಷ, ಚೆನ್ನೈನ ಕ್ರೋಂಪೇಟೆ ನಿವಾಸಿ. ಪತಿ ರೈಲ್ವೆಯಲ್ಲಿ, ಮಗಳು ಶ್ರೀಯಾ ಕಾಲೇಜಿನಲ್ಲಿ. ಪೆರುಂಗುಡಿಯ ಕಂಪನಿಯೊಂದರಲ್ಲಿ ಅವರು ಆಸ್ಪತ್ರೆಯ ಮಂಚದ ಬದಿಯಲ್ಲಿಡುವ ಮಾನಿಟರುಗಳ ಕರ್ನೆಲ್, ಅಂದರೆ ಯಂತ್ರವನ್ನು ಒಳಗಿಂದ ನಡೆಸುವ ಮೂಲ ತಂತ್ರಾಂಶ, ಬರೆಯುತ್ತಿದ್ದರು.

ಆ ಯಂತ್ರಗಳಲ್ಲಿ ಮೆಮೊರಿ ಕಡಿಮೆ. ಬಹಳ ಹೊತ್ತು ಬಳಕೆಯಾಗದ ಪುಟಗಳನ್ನು, ಅಂದರೆ ಮೆಮೊರಿಯ ತುಣುಕುಗಳನ್ನು, ನಿಧಾನಗತಿಯ ಮೆಮೊರಿ ಕಾರ್ಡಿಗೆ ಸಾಗಿಸಿ ಜಾಗ ತೆರವು ಮಾಡುವ ವಿಧಾನವನ್ನು ಅವರು ಎರಡು ವರ್ಷ ತಿದ್ದಿದರು. ಪರದೆಯ ವೇಗ ಇಮ್ಮಡಿಯಾಯಿತು. ಕಚೇರಿಯಲ್ಲಿ ಸಿಹಿ ಹಂಚಲಾಯಿತು.

ಬಿಡುಗಡೆಯ ಹಿಂದಿನ ದಿನ ಅವರು ರೋಗಿಯ ಬೆರಳಿಗೆ ಹಾಕುವ ತಂತಿಯನ್ನು ಕಿತ್ತು ನೋಡಿದರು. ಎಚ್ಚರಿಕೆಯ ಗಂಟೆ ಒಂಬತ್ತು ಸೆಕೆಂಡು ತಡವಾಗಿ ಮೊಳಗಿತು. ರೋಗಿ ಚೆನ್ನಾಗಿರುವಷ್ಟು ಕಾಲ ಗಂಟೆಯ ಪುಟಗಳು ಬಳಕೆಗೆ ಬರುವುದೇ ಇಲ್ಲ. ಆದ್ದರಿಂದ ಅವರ ವಿಧಾನವು ಮೊದಲು ಹೊರಗಟ್ಟಿದ್ದು ಅವನ್ನೇ; ಕಾರ್ಡಿನಿಂದ ಅವು ಮರಳಿ ಬರಲು ಅಷ್ಟು ಹೊತ್ತು.

“ಒಂಬತ್ತೇ ಸೆಕೆಂಡು ಮೇಡಂ, ಮುಂದಿನ ಸಲ ಸರಿಮಾಡೋಣ,” ಎಂದರು ಮ್ಯಾನೇಜರ್ ಲಿಖಿತ್.

“ಮಂಚದ ಮೇಲೆ ನಿಮ್ಮಪ್ಪ ಇದ್ರೂ ಹೀಗೇ ಎಣಿಸ್ತೀಯೇನಪ್ಪಾ?”

“ರಿಲೀಸ್ ನಿಂತ್ರೆ ನಿಮ್ಮ ಪ್ರಮೋಷನ್ನೂ ನಿಲ್ಲುತ್ತೆ.”

“ನಿಲ್ಲಲಿ. ನನ್ನ ಕೋಡ್ ವಾಪಸ್ ತಗೊಂಡಾಯ್ತು, ಮೇಲ್ ನೋಡು.”

ಗಂಟೆಯ ಪುಟಗಳನ್ನು ಕದಲಿಸಬಾರದೆಂಬ ಆರು ಸಾಲು ಸೇರಿಸಿ, ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ನಡೆಸಲು ನಾಲ್ಕು ತಿಂಗಳು ಹಿಡಿಯಿತು. ಬಡ್ತಿ ಬೇರೊಬ್ಬರಿಗೆ ಹೋಯಿತು. ಅದನ್ನು ಅವರು ಮತ್ತೆ ಕೇಳಲಿಲ್ಲ.

ಕಳೆದ ತಿಂಗಳು ಅನಸೂಯ ತೀರಿಕೊಂಡರು. ಬಿಟ್ಟುಹೋದದ್ದು: ಪತಿ, ಮಗಳು, ಎರಡು ಕನ್ನಡಕ, ಕಚೇರಿಯ ಮೇಜಿನಲ್ಲಿ ಅರ್ಧ ಬಾಟಲಿ ಹೇರಳೆಕಾಯಿ ಉಪ್ಪಿನಕಾಯಿ, ಕರ್ನೆಲ್ಲಿನಲ್ಲಿ ಸಾವಿರದ ನಾನೂರ ಆರು ಸಾಲು.