ಪ್ಲಗ್ಗಿನ ತುದಿಯ ಒಣ ಮಸಿ

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದು ತಂದ ಹಿತ್ತಾಳೆಯ ಕಪ್ಪನ್ನು ಅಮ್ಮ ಬಹಳ ಹಿಂದೆಯೇ ಸಂಸಾರಕ್ಕೆ ಸೇರಿಸಿಕೊಂಡಿದ್ದಾಳೆ. ಅದರಲ್ಲೀಗ ಬಾಚಣಿಗೆ, ರಬ್ಬರ್ ಬ್ಯಾಂಡು, ಬರೆಯದಿದ್ದರೂ ಎಸೆಯಲು ಮನಸ್ಸು ಬಾರದ ಪೆನ್ನುಗಳು, ಇವುಗಳ ನಡುವೆ ಈಚೆಗೆ ಒಂದು ಸ್ಪಾರ್ಕ್ ಪ್ಲಗ್ಗು. ಅದರ ತುದಿಗೆ ದೀಪದ ಕಾಡಿಗೆಯಂಥ ಮಸಿ ಹತ್ತಿದೆ, ಒಣ ಮಸಿ. ಓದುವ ಗೆಳೆಯರೆ, ಈ ‘ಒಣ’ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಅದರಿಂದಲೇ.

ನಾನು ಉಲ್ಹಾಸನಗರದ ಗ್ಯಾರೇಜೊಂದರಲ್ಲಿ ಕೊಂಡ ಹಳೆಯ ಬೈಕಿನ ಸೀಟಿನಡಿ ಪುಟ್ಟ ನೀಲಿ ಸಿಲಿಂಡರೊಂದು ಮೊದಲೇ ಕೂತಿತ್ತು. ಒಳಗಿದ್ದದ್ದು ನೈಟ್ರಸ್ ಆಕ್ಸೈಡ್. ಗುಂಡಿ ಒತ್ತಿದರೆ ಆ ಅನಿಲ ಎಂಜಿನ್ನಿಗೆ ನುಗ್ಗಿ, ಹೆಚ್ಚು ಪೆಟ್ರೋಲನ್ನು ಉರಿಸಿ, ಕೆಲವು ಕ್ಷಣ ಗಾಡಿಗೆ ಮೈಮೇಲೆ ಬಂದಂತಾಗುತ್ತದೆ. ಅದಿರುವುದು ರೇಸಿನ ಟ್ರ್ಯಾಕಿಗೆ, ಊರ ರಸ್ತೆಗಲ್ಲ. ಒಂದಲ್ಲ ಒಂದು ದಿನ ರೇಸಿಗೆ ಹೋಗಿಯೇ ತೀರುವೆನೆಂಬ ಹುಮ್ಮಸ್ಸಿನಲ್ಲಿ, ಆ ಅತಿಶಾಖವನ್ನು ತಡೆಯಬಲ್ಲ, ಬಿಸಿಯನ್ನು ಬೇಗ ಬಿಟ್ಟುಕೊಡುವ ‘ತಂಪು’ ಪ್ಲಗ್ಗನ್ನು ನಾನೇ ಹಟ ಹಿಡಿದು ಹಾಕಿಸಿದೆ. ಆಮೇಲೆ ನಾನು ಹೋದದ್ದು ಡೊಂಬಿವಲಿಯಿಂದ ಶಿಳ್‌ಫಾಟಾ ದಾಟಿ ನವಿ ಮುಂಬಯಿಯ ಆಫೀಸಿಗೆ. ಲಾರಿಗಳ ಹಿಂದೆ, ಎಮ್ಮೆಯ ನಡಿಗೆಯಲ್ಲಿ.

ಸ್ವಲ್ಪ ದಿನದಲ್ಲೇ ಎಂಜಿನ್ನು ಸತಾಯಿಸತೊಡಗಿತು. ಬೆಳಿಗ್ಗೆ ಹತ್ತಿಕೊಳ್ಳದು, ಹತ್ತಿದರೆ ಕೆಮ್ಮು, ಸಿಗ್ನಲ್ಲಿನಲ್ಲಿ ನಿಂತರೆ ಮೂರ್ಛೆ. ನಾನು ಶಿಸ್ತಿನಿಂದಲೇ ವಿಚಾರಣೆ ಆರಂಭಿಸಿದೆ. ಪೆಟ್ರೋಲು ಬದಲಿಸಿದೆ, ಗಾಳಿಯ ಫಿಲ್ಟರು ತೊಳೆದೆ, ವೈರುಗಳನ್ನು ಎಳೆದು ನೋಡಿದೆ. ಸಿಲಿಂಡರನ್ನೇ ಬಿಚ್ಚಿ ತೆಗೆದಿಟ್ಟರೂ ಕೆಮ್ಮು ನಿಲ್ಲಲಿಲ್ಲವಾದ್ದರಿಂದ ನೈಟ್ರಸ್ ನಿರ್ದೋಷಿ ಎಂದು ತೀರ್ಪಿತ್ತೆ. ಉಳಿದ ಆರೋಪಿ ಒಬ್ಬನೇ: ಅಪ್ಪನ ತೀರ್ಥ.

ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಸಣ್ಣ ಉಡುಪಿ ಹೋಟೆಲು, ಅದರ ಮೇಲೆಯೇ ಮನೆ. ಬೆಳಿಗ್ಗೆ ಶಟರು ಎತ್ತಿ, ದೇವರ ಪಟಕ್ಕೆ ದೀಪ ಹಚ್ಚಿದ ಮೇಲೆ ಅಪ್ಪ ಪಂಚಪಾತ್ರೆ ಹಿಡಿದು ಹೊರಗೆ ಬಂದು, ತುಳಸಿಯ ಎಲೆಯಿಂದ ಹೊಸ್ತಿಲಿಗೆ, ಅಲ್ಲೇ ಚಹಾ ಕುಡಿಯಲು ನಿಂತ ರಿಕ್ಷಾಗಳಿಗೆ, ಕೊನೆಗೆ ನನ್ನ ಬೈಕಿಗೆ ನಾಲ್ಕು ಹನಿ ಪ್ರೋಕ್ಷಿಸುವುದು ರೂಢಿ. ಆ ಹನಿಗಳಲ್ಲಿ ನನಗೆ ನಂಬಿಕೆಯಿಲ್ಲ, ಈಗಲೂ ಇಲ್ಲ. ಒಂದು ದಿನ ಅಪ್ಪನ ದುಡ್ಡಿನ ಗಲ್ಲೆಯ ಮುಂದೆ, ಇಡ್ಲಿ ತಿನ್ನುವವರ ಎದುರಿಗೇ ವಾದ ಹೂಡಿದೆ.

“ದಿನಾ ಬೆಳಿಗ್ಗೆ ನೀವು ನೀರು ಹಾಕ್ತೀರಿ, ದಿನಾ ಬೆಳಿಗ್ಗೆ ಗಾಡಿ ಕೆಮ್ತದೆ. ನೀರು ಪ್ಲಗ್ಗಿನ ಒಳಗೆ ಹೋಗ್ತಾ ಉಂಟು ಅಪ್ಪ.”

“ನಾಲ್ಕು ಹನಿಗೆ ಎಂತ ಆಗ್ತದೆ ಮಗಾ? ಮಳೆಗಾಲದಲ್ಲಿ ಇಡೀ ಗಾಡಿ ನೆನೀತದಲ್ಲ?”

“ಮಳೆ ಗುರಿ ಇಟ್ಟು ಬೀಳೂದಿಲ್ಲ. ನೀವು ಗುರಿ ಇಟ್ಟು ಹಾಕ್ತೀರಿ!”

ಹೋಟೆಲೇ ನಕ್ಕಿತು. ದಿನವೂ ಮೂಲೆಯ ಮೇಜಿನಲ್ಲಿ ಕೂರುವ ಧಾರವಾಡದ ನಿವೃತ್ತ ಕುಲಕರ್ಣಿಯವರು ಚಮಚ ಎತ್ತಿ, “ಸೋತ್ರಿ ನೋಡ್ರಿ ರಾಯರ! ಇಕೀ ಮುಂದ ಯಾರ ಆಟ ನಡೀತದ?” ಎಂದರು. ಅಪ್ಪನೂ ನಕ್ಕರು. ಕೈಯಲ್ಲಿದ್ದ ತುಳಸಿಯೆಲೆಯನ್ನು ಮೆಲ್ಲಗೆ ಪಾತ್ರೆಯೊಳಗೆ ಬಿಟ್ಟರು.

ಅಪ್ಪ ಕೇಳಿದ ಮಳೆಯ ಪ್ರಶ್ನೆಗೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ ಎಂಬುದನ್ನು ನೀವು ಗಮನಿಸಿರಬಹುದು, ಹೋಟೆಲು ಗಮನಿಸಲಿಲ್ಲ. ನಮ್ಮ ಹಳೆಯ ತಾರ್ಕಿಕರು ಎದುರಾಳಿಯ ಪೂರ್ವಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಖಂಡಿಸುತ್ತಿದ್ದರಂತೆ. ನಾನು ಅದನ್ನು ನಗೆಯಲ್ಲಿ ಮುಳುಗಿಸಿದೆ. ಸಾಲದ್ದಕ್ಕೆ, ಆ ಭಾನುವಾರ ಖಾಲಿ ಹೆದ್ದಾರಿಯಲ್ಲಿ ಕಳಂಬೋಲಿಯವರೆಗೆ ಭರ್ರನೆ ಹೋಗಿಬಂದ ಮೇಲೆ ಬೈಕು ಕೆಮ್ಮು ಬಿಟ್ಟು ಹಾಡತೊಡಗಿತು. ತೀರ್ಥ ನಿಂತಿತು, ರೋಗ ಬಿಟ್ಟಿತು! ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ನಂಟು ಕಟ್ಟುವವರನ್ನು ವೇದಿಕೆಯ ಮೇಲೆ ಹಿಗ್ಗಾಮುಗ್ಗಾ ಜಾಲಾಡಿದ ನಾನು, ಕಾಗೆಗೂ ಹಣ್ಣಿಗೂ ಮದುವೆಯನ್ನೇ ಮಾಡಿಸಿಬಿಟ್ಟೆ. ಪ್ಲಗ್ಗನ್ನು ಬಿಚ್ಚಿ ನೋಡಲಿಲ್ಲ. ವಾದ ಗೆದ್ದವರು ಬಿಚ್ಚಿ ನೋಡುವುದಿಲ್ಲ.

ಸೋತ ಅಪ್ಪ ಮುನಿಸಿಕೊಂಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವರು ನನ್ನ ಮಾತನ್ನು ಪೂರ್ತಿ ನಂಬಿಬಿಟ್ಟರು. ರಿಕ್ಷಾದವನೊಬ್ಬ, ಇವತ್ತು ನೀರಿಲ್ಲವೇ ಅಣ್ಣಾ ಎಂದು ತಲೆ ಬಗ್ಗಿಸಿ ನಿಂತರೆ, ಅಪ್ಪ ಹೆಮ್ಮೆಯಿಂದ ಎದೆಯುಬ್ಬಿಸಿ, “ಪಾನಿ ನಹೀ ಭಾಯ್, ಪ್ಲಗ್ ಖರಾಬ್ ಹೋತಾ ಹೈ. ಮೇರೀ ಬೇಟೀ ನೇ ಪ್ರೂವ್ ಕಿಯಾ!” ಎಂದು, ನೀರಿನಿಂದ ಪ್ಲಗ್ಗು ಕೆಡುವುದನ್ನು ಮಗಳೇ ಸಾಬೀತು ಮಾಡಿದ್ದಾಳೆಂದು, ಸಾರುವುದನ್ನು ನಾನೇ ಕೇಳಿದೆ. ಯಾರಿಗೂ ಕೇಡು ಮಾಡದ ಒಂದು ಬೆಳಗಿನ ಪದ್ಧತಿ, ನನ್ನ ಹೆಸರಿನಲ್ಲಿ, ಆ ಗಲ್ಲಿಯಿಂದ ಎದ್ದುಹೋಯಿತು.

ಕೆಲವು ದಿನಗಳಲ್ಲೇ ಶಿಳ್‌ಫಾಟಾದ ಗದ್ದಲದಲ್ಲಿ ಬೈಕು ಮತ್ತೆ ಸತ್ತಿತು. ರಸ್ತೆಯ ಬದಿಗೆ ತಳ್ಳಿಕೊಂಡು ಹೋಗಿ, ಬೆವರುತ್ತ, ಕೊನೆಗೂ ಪ್ಲಗ್ಗನ್ನು ಬಿಚ್ಚಿದೆ. ಒಂದು ಹನಿ ತೇವವಿಲ್ಲ; ತುದಿಯ ತುಂಬ ಒಣ ಮಸಿ. ಬೈಕಿನಿಂದ ಮೊದಲು ತೆಗೆಸಿ ಚೀಲದ ತಳದಲ್ಲಿಟ್ಟಿದ್ದ ಹಳೆಯ ಸಾದಾ ಪ್ಲಗ್ಗನ್ನು ಹಾಕಿದೆ, ಎಂಜಿನ್ನು ಒಂದೇ ಒತ್ತಿಗೆ ಹತ್ತಿತು. ರೇಸಿಗೆಂದು ಹಾಕಿಸಿದ ತಂಪು ಪ್ಲಗ್ಗು ಲಾರಿಗಳ ಹಿಂದೆ ತೆವಳುವಾಗ ತನ್ನ ಮಸಿಯನ್ನು ತಾನು ಸುಟ್ಟುಕೊಳ್ಳುವಷ್ಟೂ ಬಿಸಿಯಾಗುತ್ತಿರಲಿಲ್ಲ. ಕಳಂಬೋಲಿಯ ಓಟ ಆ ಮಸಿಯನ್ನು ಒಮ್ಮೆ ಸುಟ್ಟಿತ್ತು, ಅಷ್ಟೆ. ನಾನು ನಿರ್ದೋಷಿಯೆಂದು ಬಿಟ್ಟುಬಿಟ್ಟ ನೈಟ್ರಸ್ಸಿಗಾಗಿ ನಾನೇ ಮಾಡಿದ ಸಿದ್ಧತೆಯೇ ತಪ್ಪಿತಸ್ಥ. ಅಲ್ಲೇ ನಿಂತು ಯೋಚಿಸಿದಾಗ ಹೊಳೆದದ್ದು ಇನ್ನೂ ನಾಚಿಕೆಗೇಡಿನದು: ಬೈಕು ಸರಿಯಾಗಲಿ ಎಂಬುದಕ್ಕಿಂತ ತೀರ್ಥ ತಪ್ಪಿತಸ್ಥನಾಗಲಿ ಎಂಬ ಆಸೆಯೇ ನನಗೆ ಹೆಚ್ಚಾಗಿತ್ತು.

ವಾದಿಸಿದ ಜಾಗದಲ್ಲೇ ಹೇಳಬೇಕಲ್ಲ. ಮರುದಿನ ಗಲ್ಲೆಯ ಮೇಲೆ, ಸೋಂಪಿನ ತಟ್ಟೆಯ ಪಕ್ಕ, ಪ್ಲಗ್ಗಿಟ್ಟೆ. ಕುಲಕರ್ಣಿಯವರೂ ಇದ್ದರು.

“ಅಪ್ಪ, ನೀರಿನದ್ದು ತಪ್ಪಿಲ್ಲ. ಈ ಪ್ಲಗ್ಗಿನದ್ದು. ಹಾಕಿಸಿದ್ದು ನಾನು.”

ಯಾರೂ ನಗಲಿಲ್ಲ. ಅಪ್ಪ ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನನ್ನು ಹೇಗಾದರೂ ಕಾಪಾಡಬೇಕೆಂಬಂತೆ, “ಆದ್ರೂ ಅವತ್ತು ಎಷ್ಟು ಚಂದ ಮಾತಾಡಿದ್ದೆ ಮಗಾ ನೀನು,” ಎಂದರು.

ಪಂಚಪಾತ್ರೆ ಮತ್ತೆ ಹೊರಗೆ ಬಂತು. ಹೊಸ್ತಿಲಿಗೆ ಹನಿ ಬಿತ್ತು, ರಿಕ್ಷಾಗಳಿಗೂ ಬಿತ್ತು. ನನ್ನ ಬೈಕಿನ ಮುಂದೆ ಮಾತ್ರ ಅಪ್ಪ ಎಲೆ ಎತ್ತಿಕೊಂಡೇ ನಿಂತು, ಗಿರಾಕಿಗೆ ಇನ್ನೊಂದು ಸೌಟು ಸಾಂಬಾರು ಬೇಕೇ ಎನ್ನುವಂತೆ ಕೇಳಿದರು: “ಹಾಕ್ಲಾ?”

ಅದಕ್ಕೆ ಮೊದಲು ಒಂದು ದಿನವೂ ಅವರು ಕೇಳಿದವರೇ ಅಲ್ಲ. “ಹಾಕಿ ಅಪ್ಪ,” ಎಂದೆ. ಎಂಜಿನ್ನನ್ನು ಜಾಗ್ರತೆಯಿಂದ ತಪ್ಪಿಸಿ ಮುಂದಿನ ಚಕ್ರಕ್ಕೆ ಎರಡೇ ಹನಿ ಹಾಕಿದರು. ಈಗಲೂ ದಿನವೂ ಕೇಳುತ್ತಾರೆ, ದಿನವೂ ಚಕ್ರಕ್ಕೇ ಹಾಕುತ್ತಾರೆ.

ಆ ಪ್ಲಗ್ಗನ್ನು ಎಸೆಯಲು ಅಮ್ಮ ಹೇಳಿದಳು. ಕಪ್ಪಿನಲ್ಲೇ ಇರಲಿ ಎಂದೆ. ಬಾಚಣಿಗೆಗೆ ಕೈಹಾಕಿದಾಗಲೆಲ್ಲ ಬೆರಳಿಗೆ ಮಸಿ ಹತ್ತುತ್ತದೆ. ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆಯುತ್ತೇನೆ. ಆಮೇಲೆ ಕೆಳಗಿಳಿದು, ಅಪ್ಪ ಕೇಳುವುದನ್ನು ಕಾಯುತ್ತ ಬೈಕಿನ ಪಕ್ಕ ನಿಲ್ಲುತ್ತೇನೆ.