ಗೋಡೆಯ ಮೇಲೆ ಕೂತ ಚಿಟ್ಟೆ

ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದ ಪೇಂಟರಿಗೆ ಚಿಟ್ಟೆಯ ಹುಚ್ಚು ಹಿಡಿಸಿದವಳು ಹೆಂಡತಿ. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿ ಮಲಗಿದ್ದ ಆಕೆ ಬೋಳು ಗೋಡೆ ನೋಡಿ ನೋಡಿ ಬೇಸತ್ತಿದ್ದಳು. "ರೀ, ಅಲ್ಲೊಂದು ಜೀವಂತ ಚಿಟ್ಟೆ ಬರೀರಿ. ಅದರ ಜೊತೆ ನಾನೂ ಹೊರಟುಬಿಡ್ತೀನಿ" ಎಂದಳು. ತಮಾಷೆಯೆಂದುಕೊಂಡು ಅವನು ನಕ್ಕ, ಬರೆಯಲು ಒಪ್ಪಿದ. ಆಕೆಯಿಲ್ಲದ ಮನೆಯನ್ನು ನೆನೆಯುವುದೂ ಅವನಿಂದ ಆಗುತ್ತಿರಲಿಲ್ಲ.

ಬದುಕಿರುವ ಚಿಟ್ಟೆ ನಿಂತಲ್ಲಿ ನಿಲ್ಲುವ ಪೈಕಿಯಲ್ಲ. ಅವನು ಕಾಲೇಜಿನ ಜೀವಶಾಸ್ತ್ರದ ಮೇಡಂಗೆ ದುಂಬಾಲು ಬಿದ್ದು, ಗಾಜಿನ ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಟ್ಟಿದ್ದ ಚಿಟ್ಟೆಗಳನ್ನು ನೋಡಿ ಬರೆಯತೊಡಗಿದ.

"ಏನಪ್ಪಾ, ರೆಕ್ಕೆನ ಹೊಟ್ಟೆಗೆ ಅಂಟಿಸಿದೀಯಲ್ಲ?" ಎಂದು ಮೇಡಂ ನಕ್ಕರು. "ನಾಲ್ಕು ರೆಕ್ಕೆ, ಆರು ಕಾಲು, ಎಲ್ಲಾ ಎದೆಯಿಂದಲೇ ಹೊರಡೋದು. ಹೊಟ್ಟೆ ಪಕ್ಕದಲ್ಲಿ ಸಣ್ಣ ಸಣ್ಣ ತೂತಿವೆ ನೋಡು, ಅದರಲ್ಲೇ ಉಸಿರಾಟ."

ತಿದ್ದಿಕೊಂಡು ಗೋಡೆಗೆ ಬರೆದ. ಹೆಂಡತಿ ಬಹಳ ಹೊತ್ತು ನೋಡಿದಳು. "ಇದು ಸತ್ತಿದೆ. ಎದೆಗೆ ಸೂಜಿ ಚುಚ್ಚಿದಾರೆ."

ಚಿತ್ರದಲ್ಲಿ ಸೂಜಿ ಇರಲಿಲ್ಲ. ಪೆಟ್ಟಿಗೆಯ ವಿಷಯ ಅವನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಅವನಿಗೆ ಹೆದರಿಕೆಯಾಯಿತು, ಸಿಟ್ಟೂ ಬಂತು.

"ಸರಿಯಾಗೇ ಹೇಳಿದಾರೆ" ಎಂದರು ಮೇಡಂ, ಅವನು ಮತ್ತೆ ಹೋಗಿ ಕೇಳಿದಾಗ. "ಒಣಗಿಸುವಾಗ ನಾವು ಮುಂದಿನ ರೆಕ್ಕೆನ ತಲೆ ಕಡೆ ಎಳೆದು ಕೂರಿಸ್ತೀವಿ. ಬದುಕಿರೋದು ಹಾಗೆ ಕೂರಲ್ಲ."

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕಸುಬಿನವನ ಹಟ ಕೇಳಬೇಕೆ? ಬೇಲಿಯ ಪಕ್ಕ ಕೂತು ಹಾರಾಡುವ ಚಿಟ್ಟೆಗಳನ್ನು ಕಣ್ಣು ನೋಯುವಷ್ಟು ನೋಡಿದ. ಗೋಡೆಗೆ ಸುಣ್ಣ ಬಳಿದು ಹೊಸದಾಗಿ ಬರೆದ. ಮುಂದಿನ ರೆಕ್ಕೆ ಹಿಂದಕ್ಕೆ ಜಾರಿ ಹಿಂದಿನ ರೆಕ್ಕೆಯನ್ನು ಅರ್ಧ ಮುಚ್ಚಿತ್ತು. ಕೊನೆಗೆ ಹೊಟ್ಟೆಯ ಪಕ್ಕ ಉಸಿರಿನ ತೂತುಗಳನ್ನಿಟ್ಟ.

"ಉಸಿರಾಡ್ತಿದೆ ರೀ" ಎಂದಳು ಆಕೆ, ಹುಡುಗಿಯ ಹಾಗೆ ನಗುತ್ತ. "ಕಿಟಕಿ ತೆಗೀರಿ. ನಾವಿನ್ನು ಹೊರಡ್ತೀವಿ."

ಆಕೆಯ ಎದೆಯ ಏರಿಳಿತ ನಿಧಾನವಾಯಿತು. ಗೋಡೆಯ ಮೇಲಿನ ಹೊಟ್ಟೆ ಮೆಲ್ಲಗೆ ಉಬ್ಬಿ ಇಳಿಯುವುದನ್ನು ಅವನು ಕಣ್ಣಾರೆ ಕಂಡ. ಕಿಟಕಿ ತೆಗೆಯಲಿಲ್ಲ. ಸಣ್ಣ ಬ್ರಶ್ಶನ್ನು ಕಪ್ಪಿನಲ್ಲಿ ಅದ್ದಿ, ಚಿಟ್ಟೆಯ ಎದೆಗೆ ಒಂದು ಸೂಜಿ ಬರೆದ.

ಡಾಕ್ಟರು ಹೇಳಿದ ಗಡುವೆಲ್ಲ ಮೀರಿ ಆಕೆ ಇನ್ನೂ ಇದ್ದಾಳೆ. ಕೂದಲೊಂದೂ ನರೆತಿಲ್ಲ. ಪುಣ್ಯ ಮಾಡಿದೀಯ ಬಿಡಪ್ಪ ಎನ್ನುತ್ತಾರೆ ನೆರೆಯವರು. ಅವನು ತುತ್ತು ಮಾಡಿ ತಿನ್ನಿಸುತ್ತಾನೆ, ತಪ್ಪಾಯ್ತು ಎಂದು ಅಳುತ್ತಾನೆ. ಅಂದಿನಿಂದ ಆಕೆ ಮಾತಾಡಿಲ್ಲ. ಕಣ್ಣು ಮಾತ್ರ ಗೋಡೆಯತ್ತ ಹೋಗಿ, ಅವನತ್ತ ಬಂದು, ಮತ್ತೆ ಗೋಡೆಗೆ ಹೋಗುತ್ತದೆ. ಏನು ಕೇಳುತ್ತಿದ್ದಾಳೆಂದು ಅವನಿಗೆ ಚೆನ್ನಾಗಿ ಗೊತ್ತು. ಸೂಜಿಯ ಬಣ್ಣ ಮಾಸಿದಾಗಲೆಲ್ಲ ಅದರ ಮೇಲೆ ಮತ್ತೊಂದು ಗೆರೆ ಎಳೆಯುತ್ತಾನೆ.