ಹೊಡ್ಕೊಂಡದ್ದು, ಒಡೆದದ್ದಲ್ಲ

ಸಿಟ್ಟು ಆರಿದ ಮೇಲೆ ಬರಿ ಎಂದು ನನ್ನ ಗಂಡ ಹೇಳಿದರು. ಆರುವ ಲಕ್ಷಣ ಕಾಣಲಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಾನು ಕಾಮಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಕೊಳ್ಳೇಗಾಲದಲ್ಲಿ, ಹುಟ್ಟಿದ್ದು ಮುಳ್ಳೂರಿನಲ್ಲಿ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಹನೂರಿನ ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರು ಅನೂರು ಅನೂರು ಎಂದೇ ಕೂಗುತ್ತಾನೆ, ಯಾರೂ ತಪ್ಪು ಬಸ್ಸು ಹತ್ತಿದ್ದಿಲ್ಲ. ಟೀಚರಾಗಬೇಕೆಂದು ಹೊರಟಾಗ ನಾನು ಹಕಾರವನ್ನು ಕಷ್ಟಪಟ್ಟು ಕಲಿತೆ. ತರಗತಿಯಲ್ಲಿ ಅದು ಚೆನ್ನಾಗಿಯೇ ಬರುತ್ತದೆ. ಆದರೆ ಗಾಬರಿಯಾದರೆ ಕಲಿತದ್ದೆಲ್ಲ ಎಲ್ಲಿಗೋ ಹೋಗಿ, ಬಾಯಿಗೆ ನಮ್ಮಮ್ಮನ ಮಾತು ಬಂದುಬಿಡುತ್ತದೆ.

ಆ ದಿನ ಗಾಬರಿಯೇ ಆಗಿತ್ತು. ನನ್ನ ಲ್ಯಾಪ್‌ಟಾಪಿನ ಸ್ಕ್ರೀನು ಇದ್ದಕ್ಕಿದ್ದಂತೆ ಹೊಡ್ಕೊಳ್ಳಲು ಶುರುಮಾಡಿತ್ತು. ಎಡಗಣ್ಣು ಹೊಡ್ಕೊಳ್ಳುತ್ತದಲ್ಲ, ಹಾಗೆ. ಓದುತ್ತ ಕೂತರೆ ಪಟ್ಟನೆ ಕತ್ತಲು, ಮತ್ತೆ ಬೆಳಕು, ನಡುನಡುವೆ ಅಡ್ಡಗೆರೆ. ಬೇರೆ ಸಮಯದಲ್ಲಾದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಆದರೆ ಯಳಂದೂರಿನಲ್ಲಿ ಕನ್ನಡ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ಇತ್ತು, ನಡೆಸಬೇಕಾದವಳು ನಾನು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಯಾರ ಹಂಗೂ ಇಲ್ಲದೆ ಹಾಕಿಕೊಳ್ಳಬಹುದಾದದ್ದು, ಕಡತ ತೆರೆಯುವುದರಿಂದ ಮುಚ್ಚುವವರೆಗೆ ಎಲ್ಲವೂ ಕನ್ನಡದಲ್ಲೇ ಕಾಣುವಂಥದ್ದು. ಅದನ್ನು ನಮ್ಮ ಮೇಷ್ಟ್ರುಗಳಿಗೆ ತೋರಿಸಬೇಕೆಂದು ನಾನು ಎಷ್ಟೋ ಕಾಲದಿಂದ ಬೆನ್ನು ಹತ್ತಿ, ಅರ್ಜಿ ಮೇಲೆ ಅರ್ಜಿ ಹಾಕಿ ದಕ್ಕಿಸಿಕೊಂಡ ದಿನ ಅದು.

ಹಾಗಾಗಿ ಶಾಲೆಗೆ ಹೋಗುವ ಅವಸರದಲ್ಲೇ ಕೊಳ್ಳೇಗಾಲದ ಒಂದು ಕಂಪ್ಯೂಟರ್ ಅಂಗಡಿಗೆ ನುಗ್ಗಿ, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, "ಸಾ, ಸ್ಕ್ರೀನು ಒಡ್ಕತದೆ, ಒಸಿ ನೋಡಿ" ಅಂದೆ.

ಅಂಗಡಿಯವನು ತಲೆಯೆತ್ತಿ ನನ್ನನ್ನೊಮ್ಮೆ ನೋಡಿದ. "ಒಡೆದಿದೆಯಾ? ಸರಿ, ಇಟ್ಟು ಹೋಗಿ."

ನನ್ನ ಹೆಸರು, ಕೆಲಸ, ಶಾಲೆ ಕೇಳಿ ಚೀಟಿಯಲ್ಲಿ ಬರೆದುಕೊಂಡ. ಸಂಜೆ ಹೋದಾಗ ಹೊಸ ಸ್ಕ್ರೀನು ಕೂರಿಸಿ ಇಟ್ಟಿದ್ದ. ತೆರೆದು ನೋಡಿದೆ. ಹೊಸದೂ ಹಾಗೇ ಹೊಡ್ಕೊಳ್ಳುತ್ತಿತ್ತು.

"ಇದ್ಯಾಕೆ ಬದಲಾಯಿಸಿದ್ರಿ? ಇದೂ ಅಂಗೇ ಒಡ್ಕತಾ ಅದಲ್ಲ" ಅಂದೆ.

ಅವನು ಕುರ್ಚಿಗೆ ಒರಗಿಕೊಂಡು ನಕ್ಕ. "ನೀವೇ ತಾನೆ ಮೇಡಂ ಒಡೆದಿದೆ ಅಂದಿದ್ದು? ಹೊರಗೆ ಕಾಣದಿದ್ದರೂ ಒಳಗೆ ಒಡೆದಿರುತ್ತೆ ಅಂತ ನಂಬಿ ಹಾಕಿದೆ. ಹೊಡ್ಕೊಳ್ತಿದೆ ಅಂತ ಹೇಳಿದ್ರೆ ಬೇರೆ ಥರ ನೋಡ್ತಿದ್ದೆ. ನಾನು ಮೈಸೂರಲ್ಲಿ ಬೆಳೆದವನು, ಈ ಹಳ್ಳಿ ಭಾಷೆ ನನಗೆ ಅರ್ಥ ಆಗೋದಿಲ್ಲ." ಅಷ್ಟಕ್ಕೆ ಬಿಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಿರಾಕಿಯ ಕಡೆ ತಿರುಗಿ, "ಕನ್ನಡ ಟೀಚರಂತೆ. ಹಕಾರವೇ ಬರೋದಿಲ್ಲ" ಅಂದ.

ಆ ಗಿರಾಕಿ ನಮ್ಮ ಶಾಲೆಯ ಒಬ್ಬ ಹುಡುಗಿಯ ತಂದೆ. ವಾರ ಮುಗಿಯುವುದರೊಳಗೆ ಮಕ್ಕಳು ನನಗೆ ಒಡ್ಕತದೆ ಮೇಡಂ ಎಂದು ಹೆಸರಿಟ್ಟಿದ್ದರು. ನಾನು ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಲ್ಲಿ ಯಾರೋ ಮೆಲ್ಲಗೆ ಒಡ್ಕತದೆ ಅನ್ನುವುದು, ಉಳಿದವರು ಪುಸ್ತಕ ಅಡ್ಡ ಹಿಡಿದು ನಗುವುದು. ಹಳಗನ್ನಡ ಪದ್ಯ ಓದುತ್ತ ಹಕಾರ ಬಂದ ಕಡೆಯೆಲ್ಲ ತಲೆ ತಗ್ಗಿಸಿ ಬೇಗಬೇಗ ದಾಟಿಬಿಡುತ್ತಿದ್ದೆ. ಕೊಟ್ಟ ದುಡ್ಡು ನೀರಿಗೆ ಬಿತ್ತು ಎಂದು ನನಗೆ ಬೇಸರವಾಗಲಿಲ್ಲ. ನನ್ನ ಬಾಯಿಂದಲೇ ಮಾತು ಕಿತ್ತುಕೊಂಡು ನನ್ನ ಮುಖಕ್ಕೇ ಎಸೆದನಲ್ಲ, ಅದಕ್ಕೆ ಮೈಯೆಲ್ಲ ಉರಿದುಹೋಯಿತು.

ಉರಿಯುವುದಕ್ಕೆ ಇನ್ನೂ ಒಂದು ಬಾಕಿ ಇತ್ತು. ತರಬೇತಿಯ ಮುಖ್ಯಸ್ಥರು ಫೋನು ಮಾಡಿದರು. "ನಿಮ್ಮ ಲ್ಯಾಪ್‌ಟಾಪೇ ಸರಿ ಇಲ್ವಂತಲ್ಲ ಮೇಡಂ. ಬಿಟ್ಟಿ ಸಿಸ್ಟಮ್ ಹಾಕಿಕೊಂಡ್ರೆ ಹಾಗೇ ಆಗೋದು ಅಂತ ಕೊಳ್ಳೇಗಾಲದ ಅಂಗಡಿಯವರು ಹೇಳ್ತಿದ್ರು. ಅವರಿಗೂ ಬರೋಕೆ ಹೇಳಿದ್ದೀನಿ. ನಿಮ್ಮದು ಕೈಕೊಟ್ಟರೆ ಅವರೇ ಅವರ ಮೆಷಿನ್ನಲ್ಲಿ ನಡೆಸಿಕೊಡ್ತಾರೆ." ಯಳಂದೂರಿನ ತರಬೇತಿ ಕೋಣೆಯಲ್ಲಿ ಪ್ರೊಜೆಕ್ಟರು ಇರಲಿಲ್ಲ. ಮೇಷ್ಟ್ರುಗಳು ಗುಂಪು ಗುಂಪಾಗಿ ನನ್ನ ಲ್ಯಾಪ್‌ಟಾಪಿನ ಸುತ್ತ ನಿಂತು ನೋಡಬೇಕಿತ್ತು. ಅದು ಒಂದು ಸಲ ಕಣ್ಣು ಮಿಟುಕಿಸಿದರೂ ನನ್ನ ದಿನ ಅಂಗಡಿಯವನ ಪಾಲು.

ಅವತ್ತೇ ತೀರ್ಮಾನಿಸಿದೆ. ಇವನಿಗೆ ಮಣ್ಣು ಮುಕ್ಕಿಸದೆ ಬಿಡುವುದಿಲ್ಲ. ಅದಕ್ಕೆ ಮೊದಲು ಸ್ಕ್ರೀನಿನ ರೋಗ ನನ್ನ ಕೈಯಲ್ಲೇ ವಾಸಿಯಾಗಬೇಕು.

ನನ್ನ ಗಂಡ ಸಮಾಧಾನದ ಮನುಷ್ಯರು. "ಯಾಕ್ ಸುಮ್ನೆ ತಲೆ ಕೆಡಿಸ್ಕತೀಯ, ಬೇರೆ ಯಾರ್ದಾರ ತಕಂಡೋಗು" ಅಂದರು. ಅವರ ಮಾತಿಗೆ ನಾನು ಸೊಪ್ಪು ಹಾಕಲಿಲ್ಲ. ಮುಳ್ಳೂರಿನಿಂದ ಬಂದಿದ್ದ ಅಮ್ಮ ಸ್ವಲ್ಪ ಹೊತ್ತು ಸ್ಕ್ರೀನು ನೋಡಿ, "ಕಣ್ ಒಡ್ಕಂಡಂಗೆ ಒಡ್ಕತಾ ಅದೆ ಕಣವ್ವ, ದೃಷ್ಟಿ ಆಗದೆ" ಎಂದು ಉಪ್ಪು, ಒಣಮೆಣಸಿನಕಾಯಿ ತಂದು ಲ್ಯಾಪ್‌ಟಾಪಿಗೆ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು, ಲ್ಯಾಪ್‌ಟಾಪು ಮಾತ್ರ ಹೊಡ್ಕೊಳ್ಳುವುದನ್ನು ಬಿಡಲಿಲ್ಲ. ಆದರೆ ನೋಡಿ, ಕಂಪ್ಯೂಟರು ಮುಟ್ಟದ ನಮ್ಮಮ್ಮನಿಗೆ ಅದು ಒಡೆದಿಲ್ಲ ಎನ್ನುವುದು ಗೊತ್ತಿತ್ತು.

ನಾನು ಪೊಲೀಸಿನವರ ಹಾಗೆ ಒಬ್ಬೊಬ್ಬರನ್ನೇ ಅನುಮಾನಿಸುತ್ತ ಹೋದೆ. ಮೊದಲ ಅನುಮಾನ ಒಳಗಿನ ತಂತಿಯ ಮೇಲೆ. ಮುಚ್ಚಳವನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಬಾಗಿಸಿದೆ. ತಂತಿ ಸಡಿಲವಾಗಿದ್ದರೆ ಬಾಗಿಸಿದಾಗ ಹೊಡ್ಕೊಳ್ಳುವುದು ಹೆಚ್ಚಬೇಕು, ಇಲ್ಲವೇ ನಿಲ್ಲಬೇಕು. ಯಾವುದೂ ಆಗಲಿಲ್ಲ. ತಂತಿಯನ್ನು ಬಿಟ್ಟು ಕಳಿಸಿದೆ.

ಆಮೇಲೆ ಲ್ಯಾಪ್‌ಟಾಪು ಆರಿಸಿ ಮತ್ತೆ ಹಚ್ಚಿದೆ. ಲಿನಕ್ಸು ಏಳುವ ಮೊದಲು, ಯಾವುದನ್ನು ಎಬ್ಬಿಸಲಿ ಎಂದು ಕೇಳುವ ಕಪ್ಪು ಪರದೆಯೊಂದು ಬರುತ್ತದೆ. ಅಲ್ಲೇ ತಡೆದು ನಿಲ್ಲಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಅಕ್ಕಿ ಬೆಂದಿತು, ಸಾರು ಕುದಿಯಿತು, ಆ ಪರದೆ ಒಂದು ಸಲವೂ ಮಿಸುಕಲಿಲ್ಲ. ನನಗೆ ಆದ ಸಂತೋಷ ಹೇಳತೀರದು. ಸ್ಕ್ರೀನಿನದೇ ದೋಷವಾಗಿದ್ದರೆ ಅಲ್ಲೂ ಹೊಡ್ಕೊಳ್ಳಬೇಕಿತ್ತು. ಅಂದರೆ ನನ್ನ ಹಳೆಯ ಸ್ಕ್ರೀನಿಗೆ ಏನೂ ಆಗಿರಲಿಲ್ಲ. ಇದನ್ನು ಒಂದು ಸಲ ಹಚ್ಚಿ ನೋಡಿದ್ದರೆ ಅಂಗಡಿಯವನಿಗೂ ತಿಳಿಯುತ್ತಿತ್ತು. ಅವನು ಗಟ್ಟಿಮುಟ್ಟಾದದ್ದನ್ನು ಕಿತ್ತುಹಾಕಿದ್ದ.

ಆದರೆ ಅವನು ತಪ್ಪು ಎಂದು ಗೊತ್ತಾದರೆ ಸಾಲದು, ಸರಿ ಯಾವುದು ಎನ್ನುವುದೂ ನನ್ನ ಕೈಗೆ ಸಿಗಬೇಕಿತ್ತು. ಅಲ್ಲಿ ಒದ್ದಾಡಿದೆ. ಯಾರೋ ಇಂಟರ್‌ನೆಟ್ಟಿನಲ್ಲಿ ಬರೆದದ್ದನ್ನು ನಂಬಿ ಬಣ್ಣದ ಸೆಟ್ಟಿಂಗು ಬದಲಿಸಿದೆ, ಸ್ಕ್ರೀನೆಲ್ಲ ಅರಿಶಿನ ಬಳಿದಂತಾಯಿತು. ಇನ್ಯಾರೋ ಹೇಳಿದಂತೆ ಒಳಗಿನ ಸಾಫ್ಟ್‌ವೇರನ್ನೆಲ್ಲ ಅಪ್‌ಡೇಟ್ ಮಾಡಿದೆ, ಇನ್ನೂ ಜೋರಾಗಿ ಹೊಡ್ಕೊಂಡಿತು. ಲ್ಯಾಪ್‌ಟಾಪನ್ನು ಕಿಟಕಿಯಿಂದ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಆಗ ಅಂಗಡಿಯವನ ನಗು ನೆನೆಸಿಕೊಳ್ಳುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ಪ್ರೀತಿಯಿಂದ ಮಾಡುವ ಕೆಲಸಕ್ಕಿಂತ ಸೇಡಿನಿಂದ ಮಾಡುವ ಕೆಲಸದಲ್ಲಿ ನನಗೆ ದಣಿವು ಕಡಿಮೆ.

ಕೊನೆಗೆ ಅದು ಸಿಕ್ಕಿಬಿದ್ದದ್ದು ನಾನು ಪರೀಕ್ಷೆಯ ಪ್ರಶ್ನೆಪತ್ರಿಕೆ ತಿದ್ದುತ್ತಿದ್ದಾಗ. ಟೈಪು ಮಾಡುತ್ತಿರುವಷ್ಟು ಹೊತ್ತು ಸ್ಕ್ರೀನು ಸುಮ್ಮನಿತ್ತು. ಕೈಯೆತ್ತಿ ಓದತೊಡಗಿದರೆ ಹೊಡ್ಕೊಳ್ಳುತ್ತಿತ್ತು. ಮೌಸು ಅಲುಗಿಸಿದೆ, ನಿಂತಿತು. ಬಿಟ್ಟೆ, ಮತ್ತೆ ಶುರು. ಕೆಲಸ ಕೊಟ್ಟರೆ ನೆಟ್ಟಗಿರುತ್ತದೆ, ಕೆಲಸವಿಲ್ಲದಿದ್ದರೆ ಹೊಡ್ಕೊಳ್ಳುತ್ತದೆ.

ಈ ಲಕ್ಷಣ ಹಿಡಿದು ಹುಡುಕಿದ ಮೇಲೆ ಕಾರಣ ಸಿಕ್ಕಿತು. ಪರದೆಯ ಮೇಲೆ ಏನೂ ಬದಲಾಗದಿದ್ದಾಗ ಬ್ಯಾಟರಿ ಉಳಿಸಲೆಂದು, ಇದ್ದ ಚಿತ್ರವನ್ನೇ ಹಿಡಿದುಕೊಂಡು ಮಲಗುವ ಒಂದು ಅಭ್ಯಾಸ ಈ ಯಂತ್ರಗಳಿಗಿದೆ. ನನ್ನದು ಸರಿಯಾಗಿ ಮಲಗಲೂ ಆಗದೆ, ಏಳಲೂ ಆಗದೆ ಒದ್ದಾಡುತ್ತಿತ್ತು. ಹನೂರು ಕಡೆ ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ಕಾವಲು ಕೂತವರು ತೂಕಡಿಸಿ, ಬೆಚ್ಚಿಬಿದ್ದು ಡಬ್ಬ ಬಡಿಯುತ್ತಾರಲ್ಲ, ಅದೇ ಕಥೆ. ಮಲಗಬೇಡ ಎಂದು ಆಜ್ಞೆ ಕೊಟ್ಟರೆ ಮುಗಿಯಿತು. ಲ್ಯಾಪ್‌ಟಾಪು ಹಚ್ಚುವಾಗ ಬರುವ ಆ ಕಪ್ಪು ಪರದೆಯಲ್ಲಿ, ಉದ್ದನೆಯ ಸಾಲಿನ ಕೊನೆಗೆ ಇನ್ನೊಂದು ತುಂಡು ಸೇರಿಸಿದೆ. ಅದರ ಬಾಲದಲ್ಲಿ ಪಿ ಎಸ್ ಆರ್ ಎನ್ನುವ ಮೂರಕ್ಷರ, ಸಮ ಚಿಹ್ನೆ, ಒಂದು ಸೊನ್ನೆ. ಲ್ಯಾಪ್‌ಟಾಪು ಎದ್ದಿತು. ಕೈಕಟ್ಟಿ ನೋಡುತ್ತ ಕೂತೆ. ಕಲ್ಲಿನ ಹಾಗೆ ನಿಂತಿತ್ತು.

ಮಾರನೆಯ ದಿನ ಹಚ್ಚಿದರೆ ಮತ್ತೆ ಹೊಡ್ಕೊಳ್ಳತೊಡಗಿತು. ಹಾಗೆ ಬರೆದದ್ದು ಆ ಒಂದು ಸಲಕ್ಕೆ ಮಾತ್ರ ನಡೆಯುವ ಮಾತು, ಅದನ್ನು ಒಳಗಿನ ಕಡತದಲ್ಲೂ ಬರೆದು ಶಾಶ್ವತ ಮಾಡಬೇಕು ಎಂದು ಆಮೇಲೆ ತಿಳಿಯಿತು. ಬರೆದೆ. ಆರಿಸಿದೆ, ಹಚ್ಚಿದೆ, ಆರಿಸಿದೆ, ಹಚ್ಚಿದೆ. ಹೊಡ್ಕೊಳ್ಳಲಿಲ್ಲ. ಅಮ್ಮ ಒಳಗಿನಿಂದ, "ನಾ ಅವತ್ತೇ ಅನ್ನಿಲ್ವ, ದೃಷ್ಟಿ ಓಯ್ತು" ಅಂದರು.

ತರಬೇತಿಯ ದಿನ ಯಳಂದೂರಿಗೆ ಹೋದಾಗ ಅಂಗಡಿಯವನು ಆಗಲೇ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಅವನ ಲ್ಯಾಪ್‌ಟಾಪು. ಮುಖ್ಯಸ್ಥರ ಜೊತೆ ಮಾತಾಡುತ್ತಿದ್ದ. ಒಂದೊಂದು ಹಕಾರಕ್ಕೂ ಮೇಜಿನ ಮೇಲಿನ ಕಾಗದ ಹಾರಬೇಕು, ಅಷ್ಟು ಉಸಿರು. "ಹೇಗಿದೆ ಮೇಡಂ, ಇನ್ನೂ ಹೊಡ್ಕೊಳ್ತಾ ಇದೆಯಾ?" ಎಂದು ಕೇಳಿದ. ನಾನು ಲ್ಯಾಪ್‌ಟಾಪು ತೆರೆದು ಮೇಜಿನ ಮೇಲಿಟ್ಟೆ.

ಬೇಕೆಂದೇ ಏನೂ ಮಾಡದೆ, ಕೈ ಹಿಂದೆ ಕಟ್ಟಿಕೊಂಡು ಮಾತಾಡುತ್ತ ನಿಂತೆ. ಅದು ಮಲಗಬೇಕೆನಿಸಿದರೆ ಮಲಗಲಿ ಎಂದು ಅವಕಾಶ ಕೊಟ್ಟೆ. ಮೇಷ್ಟ್ರುಗಳು ಗುಂಪು ಗುಂಪಾಗಿ ಬಂದು ನೋಡಿದರು, ಒತ್ತಕ್ಷರ ಮೂಡಿಸಿದರು, ತಮ್ಮ ಹೆಸರು ಬರೆದು ನಗಾಡಿದರು. ಸ್ಕ್ರೀನು ಒಂದು ಸಲವೂ ಅಲುಗಲಿಲ್ಲ. ಊಟದ ಹೊತ್ತಿಗೆ ಅಂಗಡಿಯವನು ತನ್ನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡಿದ್ದ. ನನ್ನ ಹೊಟ್ಟೆ ಅರ್ಧ ತಣ್ಣಗಾಗಿತ್ತು.

ಮುಗಿಯುವ ಹೊತ್ತಿಗೆ ಮುಖ್ಯಸ್ಥರೇ, "ಆ ಹೊಡ್ಕೊಳ್ಳೋದನ್ನ ಹೇಗೆ ನಿಲ್ಲಿಸಿದ್ರಿ?" ಎಂದು ಕೇಳಿದರು. ತಮ್ಮದೂ ಹಾಗೇ ಆಗುತ್ತದೆ ಎಂದು ಇಬ್ಬರು ಮೇಷ್ಟ್ರು ಪುಸ್ತಕ ಹಿಡಿದು ಮುಂದೆ ಬಂದರು. ಅವರ ಹಿಂದೆ ಅಂಗಡಿಯವನೂ ಬಂದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಅಂಗ್ಡೀಲಿ ಇಂತವು ಇನ್ನೂ ಎಲ್ಡು ಬಂದು ಕೂತವೆ ಮೇಡಂ. ಸ್ಕ್ರೀನ್ ಬದಲಾಯ್ಸುದ್ರೂ ನಿಲ್ತಾ ಇಲ್ಲ. ಅವ್ರು ದಿನಾ ಬಂದು ಬೈತಾವ್ರೆ," ಅಂದ. "ನಂಗೂ ಒಸಿ ಏಳ್ಕೊಡಿ."

ಹೇಳ್ಕೊಡಿ ಅಲ್ಲ, ಏಳ್ಕೊಡಿ. ನನ್ನ ಕಿವಿ ನಂಬಲಿಲ್ಲ. ಮೈಸೂರಿನ ಹಕಾರ ಗಾಬರಿಗೆ ಎಲ್ಲೋ ಬಿದ್ದುಹೋಗಿತ್ತು, ನನ್ನದು ಬಿದ್ದುಹೋಗುವ ಹಾಗೇ.

"ಏಳಬೇಕಾ?" ಅಂದೆ. "ನಾನು ಎದ್ದೇ ನಿಂತಿದ್ದೀನಲ್ಲ."

ಮೇಷ್ಟ್ರುಗಳು ನಕ್ಕರು. ಅವನಿಗೆ ತಕ್ಷಣ ತಿಳಿಯಲಿಲ್ಲ, ತಿಳಿದ ಮೇಲೆ ಮುಖ ಕೆಂಪಾಯಿತು. ಹನೂರಿನಿಂದ ಬಂದಿದ್ದ ಹಿರಿಯ ಮೇಷ್ಟ್ರೊಬ್ಬರು ನಗುನಗುತ್ತಲೇ, "ಇವ್ನು ನಮ್ ಅನೂರೋನೆ ಕಣ್ರಿ. ನನ್ ತಾವೇ ಓದ್ದೋನು. ಇವ್ರ ಅವ್ವ ನಮ್ ಬೀದೀಲೇ ಅವ್ರೆ" ಅಂದರು. ಅವರು ಅದನ್ನು ಅಭಿಮಾನದಿಂದ ಹೇಳಿದ್ದು.

ನನಗೆ ನಗು ಬರಲಿಲ್ಲ. ಇಷ್ಟು ದಿನ ನಾನು ಸೇಡು ಇಟ್ಟುಕೊಂಡದ್ದು ನನ್ನ ಮಾತು ತಪ್ಪಾಗಿ ಕೇಳಿಸಿಕೊಂಡು, ಆಮೇಲೆ ಗೇಲಿ ಮಾಡಿದವನ ಮೇಲೆ. ತಪ್ಪು ಅರ್ಧ ನನ್ನ ನಾಲಿಗೆಯದೇ ಎಂದು ಒಳಗೊಳಗೇ ನಾಚಿಕೊಂಡಿದ್ದೆ, ತರಗತಿಯಲ್ಲಿ ತಲೆ ತಗ್ಗಿಸಿದ್ದೆ. ಆದರೆ ಅನೂರಿನವನಿಗೆ ಒಡ್ಕತದೆ ಅಂದರೆ ಏನೆಂದು ತಿಳಿಯದೇ ಹೋಗುತ್ತದೆಯೆ? ಅವನ ಅವ್ವ ಅವನಿಗೆ ಹಾಲು ಕೊಟ್ಟದ್ದೂ ಆಲು ಎಂದೇ ಅಲ್ಲವೆ? ಅವನು ತಪ್ಪಾಗಿ ಕೇಳಿಸಿಕೊಂಡಿರಲೇ ಇಲ್ಲ. ತಿಳಿದೂ ಒಡೆದಿದೆ ಎಂದು ನೆಪ ಮಾಡಿ ಹೊಸ ಸ್ಕ್ರೀನು ಮಾರಿದ್ದ.

ಅವನ ಮುಖ ನೋಡಿಕೊಂಡು, ಅಷ್ಟೂ ಮೇಷ್ಟ್ರುಗಳಿಗೆ ಕೇಳುವ ಹಾಗೆ, ಅಮ್ಮನ ಮಾತಿನಲ್ಲೇ ಕೇಳಿದೆ. "ಅಂಗಾರೆ ಅವತ್ತು ನಾ ಅಂದುದ್ದು ನಿಂಗೆ ಅರ್ಥ ಆಗಿತ್ತು, ಅಲ್ವ?"

ಅವನು ಹನೂರಿನ ಮೇಷ್ಟ್ರ ಕಡೆ ನೋಡಿದ. ಅವರ ನಗು ನಿಂತಿತ್ತು.

"ಆಗಿತ್ತು," ಅಂದ.

ಆ ಮೇಷ್ಟ್ರು ತಮ್ಮ ಪುಸ್ತಕ ತೆಗೆದುಕೊಂಡು ನನ್ನ ಪಕ್ಕಕ್ಕೆ ಬಂದು ನಿಂತರು. ನಾನು ಅವರಿಗೆ ಆ ಸಾಲು ಒಂದೊಂದೇ ಅಕ್ಷರ ಬರೆಸಿದೆ. ಮುಂದೆ ಬಂದಿದ್ದ ಇಬ್ಬರಿಗೂ, ಮುಖ್ಯಸ್ಥರಿಗೂ ಬರೆಸಿದೆ. ಬಾಗಿಲ ಹತ್ತಿರ ಅವನು ಚೀಲ ಹಿಡಿದು ನಿಂತೇ ಇದ್ದ. ಅವನಿಗೆ ಮಾತ್ರ ನಾನು ಏಳ್ಕೊಡಲಿಲ್ಲ.